ನೋಟ್ಸ್ ಕೊಡದ ಟ್ಯೂಷನ್: ತುಮಕೂರಲ್ಲಿ ಮಗಳನ್ನ ಕಳಿಸಿ ನೋಡಿದ್ಮೇಲೆ ಬರೀತಿರೋ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಈ ಟ್ಯೂಷನ್ ನಮಗೆ ಒಗ್ಗಿದೆ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿಗೂ ಮಗಳನ್ನ ಇಲ್ಲೇ ಮುಂದುವರಿಸ್ತಿದೀವಿ. ಆದ್ರೆ ಶುರುವಲ್ಲಿ ಮನೇಲಿ ದೊಡ್ಡ ರಾದ್ಧಾಂತನೇ ಆಗಿತ್ತು, ಬಿಡಿಸ್ಬಿಡೋಣ ಅನ್ನೋ ಮಟ್ಟಕ್ಕೆ ಹೋಗಿತ್ತು, ನಮ್ಮ ಥರಾನೇ ಎಷ್ಟೋ ಜನ ಅಪ್ಪ ಅಮ್ಮಂದ್ರು ಮೊದಲ ತಿಂಗಳಲ್ಲೇ ಬಿಡಿಸ್ಕೊಂಡು ಹೋಗ್ತಾರಂತೆ. ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತಿದೀನಿ. ಇಲ್ಲಿ ಸೇರಿಸೋ ಮುಂಚೆ ಏನು ಕಾಣುತ್ತೆ ಏನು ಕಾಣಲ್ಲ ಅಂತ ಗೊತ್ತಿದ್ರೆ ಸುಮ್ನೆ ಗಾಬರಿ ಆಗೋದು ತಪ್ಪುತ್ತೆ.

ಎಸ್.ಎಸ್. ಪುರಂ ಮೇನ್ ರೋಡಿಂದ ಒಳಗಡೆ ಒಂದು ಕ್ರಾಸಲ್ಲಿ ಮನೆ ಮಹಡಿ ಮೇಲೆ ನಡೆಯೋ ಕ್ಲಾಸು. ಗಂಡ ಹೆಂಡ್ತಿ ಇಬ್ರೇ ನಡೆಸ್ತಾರೆ, ಸರ್ ಸೈನ್ಸು, ಮೇಡಂ ಮ್ಯಾಥ್ಸು. 8, 9, 10ನೇ ಕ್ಲಾಸು ಅಷ್ಟೇ, ಸ್ಟೇಟ್ ಸಿಲಬಸ್, ಕನ್ನಡ ಮೀಡಿಯಂ ಇಂಗ್ಲಿಷ್ ಮೀಡಿಯಂ ಎರಡೂ ಮಕ್ಕಳು ಒಂದೇ ಬ್ಯಾಚಲ್ಲಿ ಕೂತ್ಕೋತಾರೆ. ಸಂಜೆ ಐದೂವರೆಯಿಂದ ಏಳು ಗಂಟೆ. ಎರಡು ಸಬ್ಜೆಕ್ಟಿಗೂ ಸೇರಿ ತಿಂಗಳಿಗೆ 1,800 ರೂಪಾಯಿ, ಊರಲ್ಲಿ ನಡೀತಿರೋ ರೇಟಿಗೆ ಹೋಲಿಸಿದ್ರೆ ಜಾಸ್ತಿನೂ ಅಲ್ಲ ಕಮ್ಮಿನೂ ಅಲ್ಲ. ಬೆಂಚಿಲ್ಲ, ಜಮಖಾನ ಹಾಸಿರ್ತಾರೆ, ನಾಲ್ಕು ನಾಲ್ಕು ಜನ ಗುಂಪಾಗಿ ಕೂತ್ಕೋಬೇಕು. ಹೆಸರು ಬರೀತಿಲ್ಲ, ಯಾಕಂದ್ರೆ ಕೆಳಗೆ ಒಂದಷ್ಟು ದೂರುಗಳೂ ಇದಾವೆ, ಆ ಕಡೆ ಓಡಾಡೋರಿಗೆ ಹೇಗೂ ಗೊತ್ತಾಗುತ್ತೆ.

ಮೊದ್ಲು ಮಗಳು ಬಿ.ಹೆಚ್. ರೋಡ್ ಹತ್ರ ಇನ್ನೊಂದು ಕಡೆ ಹೋಗ್ತಿದ್ಲು. ಅಲ್ಲಿ ಸರ್ ಬೋರ್ಡ್ ತುಂಬಾ ಪ್ರಶ್ನೆ ಉತ್ತರ ಬರೆಯೋರು, ಮಕ್ಕಳು ಕಾಪಿ ಮಾಡ್ಕೊಳ್ಳೋರು, ಮನೆಗೆ ಬಂದು ಬಾಯಿಪಾಠ, ಭಾನುವಾರ ಅದೇ ಪ್ರಶ್ನೆಗಳ ಟೆಸ್ಟು, 25ಕ್ಕೆ 23, 24 ಬರೋದು, ನಮಗೆ ಖುಷಿಯೋ ಖುಷಿ. ಒಂದು ತಿಂಗಳು ಬಿಟ್ಟು ಅದೇ ಪಾಠದಲ್ಲಿ ಒಂದು ಪ್ರಶ್ನೆನ ಸ್ವಲ್ಪ ತಿರುಗಿಸಿ ಕೇಳಿದ್ರೆ ಪಿಳಿಪಿಳಿ ಕಣ್ಣು ಬಿಡೋಳು. ಮಗು ದಡ್ಡಿ ಅಲ್ಲ, ಓದ್ತಾಳೆ ಕೂಡ, ಆದ್ರೂ ನಿಲ್ತಿರ್ಲಿಲ್ಲ. ಅದಕ್ಕೇ ಬೇರೆ ಕಡೆ ಹುಡುಕಿದ್ದು.

ಇಲ್ಲಿಗೆ ಬಂದ್ಮೇಲೆ ಏನಾಯ್ತು ಅಂದ್ರೆ ನೋಟ್ ಬುಕ್ಕೇ ತುಂಬ್ತಿಲ್ಲ! ದಿನಕ್ಕೆ ಅರ್ಧ ಪೇಜು, ಅದ್ರಲ್ಲೂ ಒಂದು ಚಿತ್ರ, ಎರಡು ಲೈನು, ಅದನ್ನೂ ಅಡ್ಡಗೆರೆ ಹೊಡೆದು ತಿದ್ದಿರ್ತಾಳೆ. ನಮ್ಮ ಮಾವನೋರು ದಿನಾ ಸಂಜೆ ಮೊಮ್ಮಗಳ ಪುಸ್ತಕ ತೆಗೆದು ನೋಡೋ ಅಭ್ಯಾಸ ಇಟ್ಕೊಂಡಿದಾರೆ, "ಏನಮ್ಮಾ ಇದು, ದುಡ್ಡು ಕೊಟ್ಟು ಮಗೂನ ಮಾತಾಡಕ್ಕೆ ಕಳಿಸ್ತಿದೀರಾ" ಅಂದ್ರು. ಮಗಳೂ ಹಾಗೇ, "ಅಮ್ಮ, ಸರ್ ಏನೂ ಹೇಳ್ಕೊಡಲ್ಲ, ಬರೀ ನಮ್ಮನ್ನೇ ಕೇಳ್ತಾರೆ, ತಲೆ ಚಿಟ್ಟು ಹಿಡಿಯುತ್ತೆ" ಅಂತ ಗೊಣಗೋಳು. ಸರಿ, ಶನಿವಾರ ಪೋಷಕರು ಹಿಂದೆ ಕೂತು ನೋಡ್ಬಹುದು ಅಂತ ಇಟ್ಟಿದಾರೆ (ಇದು ಈ ಜಾಗದ ದೊಡ್ಡ ಪ್ಲಸ್ ಪಾಯಿಂಟು, ಬೇರೆ ಎಲ್ಲಿ ಬಿಡ್ತಾರೆ ಹೇಳಿ), ಹೋಗಿ ಕೂತ್ಕೊಂಡೆ.

ಅವತ್ತು 9ನೇ ಕ್ಲಾಸಿಗೆ ಗುರುತ್ವದ ಪಾಠ. ಸರ್ ಒಂದು ಚಿಕ್ಕ ರಬ್ಬರ್ ಚೆಂಡನ್ನ ನೇರ ಮೇಲಕ್ಕೆ ಎಸೆದು ಕೈಯಲ್ಲಿ ಹಿಡ್ಕೊಂಡ್ರು. "ಚೆಂಡು ಪೂರ್ತಿ ತುದಿಗೆ ಹೋಗಿ ಇನ್ನೇನು ಕೆಳಗೆ ಬರ್ಬೇಕು, ಆ ಒಂದು ಕ್ಷಣದಲ್ಲಿ ಅದರ ಆಕ್ಸಿಲರೇಷನ್ (ವೇಗ ಬದಲಾಗೋ ದರ) ಎಷ್ಟು?" ಬೋರ್ಡ್ ಮೇಲೆ ನಾಲ್ಕು ಆಯ್ಕೆ. ಎ ಸೊನ್ನೆ, ಬಿ ಮೇಲ್ಮುಖವಾಗಿ 9.8, ಸಿ ಕೆಳಮುಖವಾಗಿ 9.8, ಡಿ ಚೆಂಡಿನ ತೂಕದ ಮೇಲೆ ಹೋಗುತ್ತೆ. ಪ್ರತಿ ಮಗು ಹತ್ರನೂ ಹಳೇ ಕ್ಯಾಲೆಂಡರ್ ಹಿಂದುಗಡೆ ಸ್ಕೆಚ್ ಪೆನ್ನಲ್ಲಿ ಎ ಬಿ ಸಿ ಡಿ ಬರೆದಿರೋ ನಾಲ್ಕು ಕಾರ್ಡು. ಒಂದು ನಿಮಿಷ ಯಾರೂ ಮಾತಾಡಂಗಿಲ್ಲ, ಆಮೇಲೆ ಸರ್ "ಎತ್ತಿ" ಅಂದ ತಕ್ಷಣ ಎಲ್ರೂ ಒಟ್ಟಿಗೆ ಎದೆ ಹತ್ರ ಕಾರ್ಡ್ ಹಿಡೀಬೇಕು, ಪಕ್ಕದವರದ್ದು ನೋಡ್ಕೊಂಡು ಎತ್ತೋಕೆ ಟೈಮೇ ಇಲ್ಲ. ಹಿಂದಿನಿಂದ ನಂಗೆ ಕಾಣ್ಲಿಲ್ಲ, ಸರ್ರೇ ಹೇಳಿದ್ರು, ಅರ್ಧಕ್ಕಿಂತ ಜಾಸ್ತಿ ಎ. ನನ್ನ ಮಗಳದ್ದೂ ಎ. ನಿಜ ಹೇಳ್ಬೇಕಂದ್ರೆ ಹೆಚ್ಚಿನ ದೊಡ್ಡೋರೂ ಅದನ್ನೇ ಹೇಳ್ತಾರೆ.

ಸರ್ ಸರಿ ಯಾವ್ದು ತಪ್ಪು ಯಾವ್ದು ಹೇಳ್ಲೇ ಇಲ್ಲ. "ನಿಮ್ಮ ಪಕ್ಕದಲ್ಲಿ ಬೇರೆ ಕಾರ್ಡ್ ಎತ್ತಿರೋರನ್ನ ಒಪ್ಸಿ ನೋಡೋಣ" ಅಂದ್ರು ಅಷ್ಟೇ. ಗದ್ದಲ ಅಂದ್ರೆ ಗದ್ದಲ. ನಮ್ಮ ಮಗಳ ಗುಂಪಲ್ಲಿ ಕ್ಯಾತ್ಸಂದ್ರದಿಂದ ಬರೋ ಒಬ್ಬ ಹುಡುಗ, ಕನ್ನಡ ಮೀಡಿಯಮ್ಮು, ಅವನದ್ದು ಸಿ. ಅವನು ಹೇಳ್ತಿದ್ದ, "ಏಯ್ ನೋಡಿಲ್ಲಿ, ಮೇಲೆ ಹೋದಾಗ ಸ್ಪೀಡು ಸೊನ್ನೆ, ಒಪ್ಪಿದೆ. ಆಕ್ಸಿಲರೇಷನ್ನೂ ಸೊನ್ನೆ ಅಂದ್ರೆ ಸ್ಪೀಡು ಬದಲಾಗೋದೇ ಇಲ್ಲ ಅಂತ ತಾನೇ? ಹಂಗಾದ್ರೆ ಚೆಂಡು ಅಲ್ಲೇ ನೇತಾಡ್ಕೊಂಡು ಇರ್ಬೇಕಲ್ವಾ, ಯಾಕೆ ಕೆಳಗೆ ಬತ್ತು?" ಇವಳು "ಗ್ರಾವಿಟಿ ಎಳೀತು" ಅಂದ್ಲು. "ಮತ್ತೆ ತುದೀಲಿ ಇದ್ದಾಗ ಗ್ರಾವಿಟಿ ರಜಾ ಹಾಕಿತ್ತಾ?" ಅಂದ ಅವನು. ಇವಳು ಬಾಯಿ ತೆಗೆದೋಳು ಹಾಗೇ ಮುಚ್ಕೊಂಡು, ಸ್ವಲ್ಪ ಹೊತ್ತು ಸುಮ್ನಿದ್ದು, ಕಾರ್ಡ್ ತಿರುಗಿಸಿ ಸಿ ಇಟ್ಕೊಂಡ್ಲು. ಎರಡನೇ ಸಲ ಎತ್ತಿಸಿದಾಗ ತುಂಬಾ ಜನ ಸಿಗೆ ಬಂದಿದ್ರು. ಆಮೇಲೆನೇ ಸರ್ ಬೋರ್ಡಿಗೆ ಹೋಗಿದ್ದು, ವೇಗ ಬೇರೆ ವೇಗ ಬದಲಾಗೋ ದರ ಬೇರೆ, ಚೆಂಡು ಮೇಲೆ ಹೋಗ್ಲಿ ಕೆಳಗೆ ಬರ್ಲಿ ತುದೀಲಿರ್ಲಿ ಭೂಮಿ ಎಳೆಯೋದು ನಿಲ್ಸಲ್ಲ, ಅದಕ್ಕೇ ಆಕ್ಸಿಲರೇಷನ್ ಯಾವಾಗ್ಲೂ ಕೆಳಮುಖವಾಗಿ 9.8 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ಅಂತ ಹತ್ತು ನಿಮಿಷದಲ್ಲಿ ಹೇಳಿದ್ರು. ಆ ಹತ್ತು ನಿಮಿಷ ಒಬ್ಬ ಮಗೂನೂ ಕಿಟಕಿ ಕಡೆ ನೋಡ್ಲಿಲ್ಲ. ಉತ್ತರ ತಿಳ್ಕೊಳ್ಳೋಕೆ ಅವ್ರೇ ಕಾಯ್ತಿದ್ರು.

ಇದು ಸರ್ ಸ್ವಂತ ಕಂಡುಹಿಡಿದಿದ್ದಲ್ಲ, ಅವ್ರೂ ಹಾಗೆ ಹೇಳ್ಕೊಳ್ಳಲ್ಲ. ಹಾರ್ವರ್ಡ್ ಯೂನಿವರ್ಸಿಟೀಲಿ ಎರಿಕ್ ಮಝೂರ್ ಅಂತ ಫಿಸಿಕ್ಸ್ ಪ್ರೊಫೆಸರ್ 1991ರ ಸುಮಾರಿಗೆ ಶುರು ಮಾಡಿದ ಪದ್ಧತಿ ಇದು, ಪೀರ್ ಇನ್‌ಸ್ಟ್ರಕ್ಷನ್ ಅಂತಾರೆ. ಕ್ಲಾಸಲ್ಲಿ ಸುಮಾರು 30ರಿಂದ 70 ಪರ್ಸೆಂಟ್ ಜನ ಮೊದಲ ಸಲಕ್ಕೇ ಸರಿ ಉತ್ತರ ಎತ್ತಿದ್ರೆ ಮಾತಾಡೋಕೆ ಬಿಡ್ಬೇಕು, ಅದಕ್ಕಿಂತ ಕಮ್ಮಿ ಇದ್ರೆ ಮಾತಾಡಿಸಿ ಪ್ರಯೋಜನ ಇಲ್ಲ ಮತ್ತೆ ಪಾಠ ಮಾಡ್ಬೇಕು, ಜಾಸ್ತಿ ಇದ್ರೆ ಮುಂದಕ್ಕೆ ಹೋಗ್ಬೇಕು, ಇದು ಲೆಕ್ಕಾಚಾರ. ಸರ್ ಕಾರ್ಡುಗಳ ಮೇಲೆ ಕಣ್ಣಾಡಿಸೋದು ಇದಕ್ಕೇನೇ.

ನಾನು ಒಂದು ಕಾಲೇಜ್ ಲೈಬ್ರರೀಲಿ ಕೆಲಸ ಮಾಡೋಳು, ಹಾಗಾಗಿ ಈ ವಿಷಯದಲ್ಲಿ ಏನೇನು ಸಂಶೋಧನೆ ಆಗಿದೆ ಅಂತ ಹುಡುಕಿ ಓದಿದೆ. ಮಾವನೋರಿಗೆ ಉತ್ತರ ಕೊಡ್ಬೇಕಿತ್ತು, ನಂಗೂ ಸಮಾಧಾನ ಬೇಕಿತ್ತು. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತೆ ಅವರ ಜೊತೆಯೋರು ವಿಜ್ಞಾನ, ಗಣಿತ, ಎಂಜಿನಿಯರಿಂಗ್ ಕ್ಲಾಸುಗಳ ಮೇಲೆ ನಡೆದಿದ್ದ 225 ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿದಾರೆ. ಬರೀ ಲೆಕ್ಚರ್ ಕೇಳೋ ಕ್ಲಾಸಲ್ಲಿ ಫೇಲ್ ಆಗೋ ಸಾಧ್ಯತೆ ಒಂದೂವರೆ ಪಟ್ಟು ಜಾಸ್ತಿ, ಮಕ್ಕಳು ಕೈ ಬಾಯಿ ತಲೆ ಉಪಯೋಗಿಸೋ ಕ್ಲಾಸಲ್ಲಿ ಪರೀಕ್ಷೆ ಅಂಕ ಸರಾಸರಿ 6 ಪರ್ಸೆಂಟ್ ಮೇಲೆ. ಇದು ಡಿಗ್ರಿ ಮಟ್ಟದ ಮಕ್ಕಳ ಮೇಲೆ ಮಾಡಿದ್ದು, ನಮ್ಮ ಒಂಬತ್ತನೇ ಕ್ಲಾಸಿಗೆ ಹಾಗೇ ಅಂಟಿಸೋಕಾಗಲ್ಲ, ಆದ್ರೆ ದಾರಿ ಯಾವ ಕಡೆ ಅಂತ ತೋರಿಸುತ್ತೆ. 2020ರಲ್ಲಿ ಇನ್ನೊಂದು ಇಂಥದ್ದೇ ವಿಶ್ಲೇಷಣೆ ಬಂತು, ಅದ್ರಲ್ಲಿ ಅಮೆರಿಕದ ಬಡವರ ಮನೆ ಮಕ್ಕಳು ಮತ್ತೆ ಓದಲ್ಲಿ ಹಿಂದೆ ಉಳಿದಿರೋ ಸಮುದಾಯಗಳ ಮಕ್ಕಳಿಗೆ ಈ ಥರ ಕ್ಲಾಸಿಂದ ಲಾಭ ಇನ್ನೂ ಜಾಸ್ತಿ, ಪರೀಕ್ಷೆ ಅಂಕಗಳಲ್ಲಿ ಇದ್ದ ಅಂತರ 33 ಪರ್ಸೆಂಟ್ ಕಮ್ಮಿ ಆಗಿದೆ ಅಂತ ಇದೆ. ಆ ಕ್ಯಾತ್ಸಂದ್ರದ ಹುಡುಗ ನಂಗೆ ತಕ್ಷಣ ನೆನಪಾದ. ಅವರ ಮನೇಲಿ ಪಾಠ ಹೇಳ್ಕೊಡೋಕೆ ಯಾರೂ ಇಲ್ಲ, ಬಾಯಿಪಾಠದ ಟ್ಯೂಷನ್ನಲ್ಲಿ ಅವನ ತಲೆ ಎಷ್ಟು ಚುರುಕು ಅಂತ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ.

ಆದ್ರೆ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಬೇರೆ ಒಂದು. 2019ರಲ್ಲಿ ಹಾರ್ವರ್ಡಲ್ಲೇ ಲೂಯಿ ಡೆಲೋರಿಯೆ ಅನ್ನೋರು ಮತ್ತೆ ಜೊತೆಯೋರು ಫಿಸಿಕ್ಸ್ ಕ್ಲಾಸಿನ ಮಕ್ಕಳನ್ನ ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಚೆನ್ನಾಗಿ ಪಾಠ ಮಾಡೋ ಮೇಷ್ಟ್ರಿಂದ ನೀಟಾಗಿ ಲೆಕ್ಚರ್ ಕೊಡಿಸಿ, ಇನ್ನೊಂದು ಭಾಗಕ್ಕೆ ಅದೇ ವಿಷಯನ ಗುಂಪಲ್ಲಿ ಕೂತು ತಾವೇ ಬಿಡಿಸೋ ಥರ ಕೊಟ್ಟು, ಕೊನೇಲಿ ಟೆಸ್ಟ್ ಇಟ್ರು, ಜೊತೆಗೆ "ನೀವೆಷ್ಟು ಕಲಿತ್ರಿ ಅನ್ಸುತ್ತೆ" ಅಂತಾನೂ ಕೇಳಿದ್ರು. ಟೆಸ್ಟಲ್ಲಿ ಜಾಸ್ತಿ ತೆಗೆದಿದ್ದು ಗುಂಪಲ್ಲಿ ಒದ್ದಾಡಿದ ಮಕ್ಕಳು. ಆದ್ರೆ ಜಾಸ್ತಿ ಕಲಿತ್ವಿ ಅಂತ ಹೇಳಿದ್ದು ಲೆಕ್ಚರ್ ಕೇಳಿದ ಮಕ್ಕಳು! ಅಂದ್ರೆ ಕೇಳಿಸ್ಕೊಂಡು ಹೋಗ್ವಾಗ ಎಲ್ಲಾ ಸಲೀಸು, ಅದಕ್ಕೇ ಬಂತು ಅನ್ಸುತ್ತೆ, ತಾನೇ ಯೋಚಿಸ್ವಾಗ ಎಡವ್ತಾರೆ, ಅದಕ್ಕೇ ಬರ್ತಿಲ್ಲ ಅನ್ಸುತ್ತೆ. ನಮ್ಮ ಮಗಳು "ಸರ್ ಏನೂ ಹೇಳ್ಕೊಡಲ್ಲ" ಅಂದಿದ್ದು ಇದೇನೇ. ಇದನ್ನ ಟ್ಯೂಷನ್ನೋರೇ ಸೇರಿಸ್ಕೊಳ್ಳೋ ದಿನ ಪೋಷಕರಿಗೂ ಮಕ್ಕಳಿಗೂ ಕೂರಿಸಿ ಹೇಳ್ಬೇಕು. ಅವ್ರು ಹೇಳಲ್ಲ. ಪಾಠ ಚೆನ್ನಾಗಿ ಮಾಡೋರು ಇಷ್ಟು ಮುಖ್ಯವಾದ ವಿಷಯ ಹೇಳದೇ ಬಿಟ್ಟಿರೋದ್ರಿಂದ ಒಳ್ಳೊಳ್ಳೆ ಮಕ್ಕಳು ಮಧ್ಯದಲ್ಲೇ ಬಿಟ್ಟು ಹೋಗ್ತಿದಾರೆ, ಇದು ನನ್ನ ಮೊದಲನೇ ದೂರು.

ಹಾಗಾದ್ರೆ ಮಗು ಕಲೀತಿದ್ಯಾ ಇಲ್ವಾ ಅಂತ ಮನೇಲಿ ಹೆಂಗೆ ನೋಡೋದು? ನೋಟ್ ಬುಕ್ ದಪ್ಪ ನೋಡ್ಬೇಡಿ. ಇಲ್ಲಿ ಸೋಮವಾರ ಸೋಮವಾರ ಖಾಲಿ ಹಾಳೆ ಅಂತ ಒಂದು ಮಾಡಿಸ್ತಾರೆ, ಅದನ್ನ ನೋಡಿ. ಪುಸ್ತಕ ಎಲ್ಲಾ ಬ್ಯಾಗಿಗೆ ಹಾಕಿಸಿ, ಒಂದು ಬಿಳಿ ಹಾಳೆ ಕೊಟ್ಟು, ಹೋದ ವಾರ ಏನೇನು ಮಾಡಿದ್ವಿ ನೆನಪಿರೋದೆಲ್ಲಾ ಬರೀರಿ ಅಂತಾರೆ. ಮಾರ್ಕ್ಸ್ ಇಲ್ಲ ಏನಿಲ್ಲ. ಬರೆದಾದ್ಮೇಲೆ ಪುಸ್ತಕ ತೆಗೆದು ಬಿಟ್ಟಿದ್ದನ್ನ ಕೆಂಪು ಪೆನ್ನಲ್ಲಿ ತಾವೇ ಸೇರಿಸ್ಬೇಕು. ಮನೆಗೆ ತಂದ ಮೊದಮೊದಲ ಹಾಳೆಗಳಲ್ಲಿ ಕೆಂಪೇ ಜಾಸ್ತಿ ಇತ್ತು, ನೀಲಿ ನಾಲ್ಕೇ ಲೈನು. ದಸರಾ ಹೊತ್ತಿಗೆ ನೀಲಿ ಅರ್ಧ ದಾಟಿತ್ತು, ಚಿತ್ರ, ಯೂನಿಟ್ಟು, "ಇದು ಯಾಕೋ ಗೊತ್ತಾಗ್ತಿಲ್ಲ ಕೇಳ್ಬೇಕು" ಅಂತ ಪಕ್ಕದಲ್ಲಿ ಸಣ್ಣಕ್ಷರದ ಟಿಪ್ಪಣಿ ಎಲ್ಲಾ ಇರೋದು. ಆ ಹಾಳೆಗಳನ್ನ ಒಂದು ಫೈಲಿಗೆ ಹಾಕಿಟ್ಟು ಮಾವನೋರಿಗೆ ತೋರಿಸಿದೆ, ಅವತ್ತಿಂದ ಅವ್ರು ನೋಟ್ ಬುಕ್ ಕೇಳೋದು ಬಿಟ್ಟು ಸೋಮವಾರದ ಹಾಳೆ ಕೇಳ್ತಾರೆ.

ಇದಕ್ಕೂ ಗಟ್ಟಿ ಆಧಾರ ಇದೆ. 2006ರಲ್ಲಿ ರೋಡಿಗರ್, ಕಾರ್ಪಿಕಿ ಅಂತ ಇಬ್ರು ಕಾಲೇಜ್ ಮಕ್ಕಳಿಗೆ ಒಂದು ಸಣ್ಣ ಪಾಠ ಓದಿಸಿ, ಒಂದು ಗುಂಪಿಗೆ ಇನ್ನೊಂದ್ಸಲ ಓದಿಸಿದ್ರು, ಇನ್ನೊಂದು ಗುಂಪಿಗೆ ಪುಸ್ತಕ ಮುಚ್ಚಿಸಿ ನೆನಪಿರೋದು ಬರೆಸಿದ್ರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದ್ರೆ ಎರಡು ಸಲ ಓದಿದವರದ್ದೇ ಮೇಲುಗೈ, 81 ಪರ್ಸೆಂಟ್ ನೆನಪು, ಬರೆದವರದ್ದು 75. ಒಂದು ವಾರ ಬಿಟ್ಟು ನೋಡಿದ್ರೆ ಉಲ್ಟಾ, ಓದಿದವರು 42, ಬರೆದವರು 56. ಹಳೇ ಟ್ಯೂಷನ್ನಿನ ಭಾನುವಾರದ ಟೆಸ್ಟಲ್ಲಿ 24 ಬಂದು ತಿಂಗಳಿಗೆ ಎಲ್ಲಾ ಹಾರಿ ಹೋಗ್ತಿದ್ದದ್ದು ಯಾಕೆ ಅಂತ ಇದನ್ನ ಓದಿದಾಗ ಅರ್ಥ ಆಯ್ತು. ಈ ಖಾಲಿ ಹಾಳೆಗೆ ಖರ್ಚೇ ಇಲ್ಲ, ಯಾವ ಟ್ಯೂಷನ್ನೂ ಬೇಕಿಲ್ಲ, ಇವತ್ತೇ ಮನೇಲಿ ಮಾಡಿಸ್ಬಹುದು.

ಮ್ಯಾಥ್ಸ್ ಮೇಡಂ ಕ್ಲಾಸ್ ಬಗ್ಗೆ ನನ್ನ ಅಭಿಪ್ರಾಯ ಎರಡು ಥರ ಇದೆ. ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿ ಅನ್ನೋದನ್ನ ಅವ್ರು ಮಾಡಿಸಿದ್ದು ಬಹಳ ಚೆನ್ನಾಗಿತ್ತು. ಪ್ರತಿಯೊಬ್ರೂ ತಮಗಿಷ್ಟ ಬಂದ ಹಾಗೆ ಪೇಪರಲ್ಲಿ ತ್ರಿಭುಜ ಕತ್ತರಿಸ್ಕೊಂಡು, ಮೂರು ಮೂಲೆ ಹರಿದು ಪಕ್ಕಪಕ್ಕ ಜೋಡಿಸಿದ್ರೆ ಸರಳರೇಖೆ ಬರುತ್ತೆ, ಎಲ್ಲರದ್ದೂ ಬಂತು, ಖುಷಿಯಲ್ಲಿ ಕೂಗಾಡಿದ್ರು. ಹೆಚ್ಚಿನ ಕಡೆ ಚಟುವಟಿಕೆ ಅಲ್ಲಿಗೇ ಮುಗಿಯುತ್ತೆ. ಮೇಡಂ ಬಿಡ್ಲಿಲ್ಲ, "ಇಲ್ಲಿರೋ ತ್ರಿಭುಜಕ್ಕೆಲ್ಲಾ ಬಂತು, ನೀವು ಇನ್ನೂ ಬರೀದೇ ಇರೋ ತ್ರಿಭುಜಕ್ಕೂ ಬರುತ್ತೆ ಅಂತ ಹೆಂಗೆ ಹೇಳ್ತೀರಾ? ನಿಮ್ಮ ಪೇಪರಲ್ಲಿ 179 ಇದ್ರೂ ಕಣ್ಣಿಗೆ ನೇರಾನೇ ಕಾಣುತ್ತಲ್ವಾ?" ಅಂದ್ರು. ಕ್ಲಾಸ್ ಗಪ್‌ಚಿಪ್. ಆಮೇಲೆ ಶೃಂಗದ ಮೂಲಕ ಪಾದಕ್ಕೆ ಸಮಾಂತರ ರೇಖೆ ಎಳೆಸಿ, ಪರ್ಯಾಯ ಕೋನ ಸಮ ಅನ್ನೋದ್ರಿಂದ ಸಾಧನೆ ಮಾಡಿಸಿದ್ರು. ಸಾಧನೆ ಯಾಕೆ ಬೇಕು ಅಂತ ನನ್ನ ಮಗಳಿಗೆ ಮೊದಲ ಸಲ ಹೊಳೆದಿದ್ದು ಅವತ್ತೇ.

ಆದ್ರೆ ಇದೇ ಮೇಡಂ ಹೆರಾನ್ಸ್ ಫಾರ್ಮುಲಾನ (ಮೂರು ಬಾಹುಗಳ ಉದ್ದದಿಂದ ತ್ರಿಭುಜದ ವಿಸ್ತೀರ್ಣ ಕಂಡುಹಿಡಿಯೋ ಸೂತ್ರ) "ನೀವೇ ಕಂಡುಹಿಡೀರಿ" ಅಂತ ಗುಂಪಿಗೆ ಬಿಟ್ಟಿದ್ದು ಸರಿ ಇರ್ಲಿಲ್ಲ. ಅದರ ಹಿಂದಿನ ಬೀಜಗಣಿತ ಮಕ್ಕಳು ತಾವಾಗೇ ಹುಡುಕೋ ಅಷ್ಟು ಸಣ್ಣದಲ್ಲ. ಎರಡು ಕ್ಲಾಸು ಹಾಗೇ ಹೋಯ್ತು, ಚೆನ್ನಾಗಿ ಮಾಡೋ ಇಬ್ರು ಮಕ್ಕಳು ಅವರ ಅಣ್ಣಂದಿರನ್ನ ಕೇಳ್ಕೊಂಡು ಬಂದು ಬರೆದ್ರು, ಉಳಿದೋರು ಸುಮ್ನೆ ಕೂತಿದ್ರು, ಮಗಳು ಆ ವಾರ ಪೂರ್ತಿ ಮ್ಯಾಥ್ಸ್ ಅಂದ್ರೆ ಮುಖ ಸಿಂಡರಿಸೋಳು. ಹೊಸಬರಿಗೆ ಏನೂ ದಾರಿ ತೋರಿಸ್ದೆ ಬಿಟ್ರೆ ಕಲಿಯಲ್ಲ, ಮೊದ್ಲು ಬಿಡಿಸಿರೋ ಲೆಕ್ಕ ಹೆಜ್ಜೆ ಹೆಜ್ಜೆಯಾಗಿ ತೋರಿಸ್ಬೇಕು ಅಂತ ಕಿರ್ಶ್ನರ್, ಸ್ವೆಲ್ಲರ್, ಕ್ಲಾರ್ಕ್ ಅನ್ನೋ ಮೂವರು 2006ರಲ್ಲೇ ದೊಡ್ಡ ಲೇಖನ ಬರೆದಿದಾರೆ. ತಲೆಗೆ ಒಂದೇ ಸಲ ಹಿಡಿಯೋ ಹೊಸ ವಿಷಯ ಕಮ್ಮಿ, ಎಲ್ಲಾ ಹುಡುಕೋದ್ರಲ್ಲೇ ಖರ್ಚಾದ್ರೆ ಕಲಿಯೋಕೆ ಏನೂ ಉಳಿಯಲ್ಲ. ಸರ್ ಕ್ಲಾಸು ಚೆನ್ನಾಗಿರೋದೂ ಇದಕ್ಕೇ, ಅವ್ರು ಮಕ್ಕಳನ್ನ ಒದ್ದಾಡೋಕೆ ಬಿಡೋದು ಐದು ನಿಮಿಷ, ಆಮೇಲೆ ಬಿಡಿಸಿ ಹೇಳ್ತಾರೆ. ನಾವು ಮೂರ್ನಾಲ್ಕು ಜನ ಪೋಷಕರು ಹೋಗಿ ಮಾತಾಡಿದ್ಮೇಲೆ ಮೇಡಮ್ಮೂ ಬದಲಾಯಿಸ್ಕೊಂಡಿದಾರೆ, ಈಗ ಎರಡು ಲೆಕ್ಕ ಪೂರ್ತಿ ಬಿಡಿಸಿ ತೋರಿಸ್ತಾರೆ, ಮೂರನೇದು ಅರ್ಧ ಬಿಡಿಸಿ ಉಳಿದಿದ್ದು ಮಕ್ಕಳಿಗೆ, ನಾಲ್ಕನೇದು ಪೂರ್ತಿ ಮಕ್ಕಳಿಗೇ. ಹೇಳಿದ್ದನ್ನ ಕೇಳಿಸ್ಕೊಂಡ್ರಲ್ಲ, ಅದಕ್ಕೆ ಅವ್ರ ಮೇಲೆ ಗೌರವ ಜಾಸ್ತಿ ಆಯ್ತು.

ಗುಂಪಲ್ಲಿ ಕೂರಿಸೋದ್ರ ಬಗ್ಗೆನೂ ಒಂದು ಮಾತು. ಮಗಳ ಫ್ರೆಂಡ್ ಒಬ್ಳು ಬಹಳ ಮೆತ್ತಗಿನ ಹುಡುಗಿ, ಗುಂಪಲ್ಲಿ ಬಾಯೇ ಬಿಡಲ್ಲ. ಕಾರ್ಡ್ ಎತ್ತೋದ್ರಲ್ಲಿ ತೊಂದ್ರೆ ಇಲ್ಲ, ಅಲ್ಲಿ ಎಲ್ರೂ ಎತ್ಲೇಬೇಕು, ಆದ್ರೆ ನಾಲ್ಕು ಜನ ಸೇರಿ ಒಂದು ಲೆಕ್ಕ ಮಾಡಿ ಅಂದ್ರೆ ಜೋರಿರೋ ಒಬ್ರು ಮಾಡ್ತಾರೆ, ಉಳಿದ ಮೂವರು ನೋಡ್ತಾರೆ. ಸರ್ ಇದಕ್ಕೆ ಜಿಗ್ಸಾ ಥರ ಮಾಡಿಸ್ತಾರೆ. ಅಂಗಾಂಶಗಳ ಪಾಠದಲ್ಲಿ ಒಬ್ಬಳಿಗೆ ಕ್ಸೈಲಮ್ (ಗಿಡದಲ್ಲಿ ನೀರು ಸಾಗಿಸೋ ಅಂಗಾಂಶ), ಒಬ್ಬನಿಗೆ ಫ್ಲೋಯಮ್ (ಆಹಾರ ಸಾಗಿಸೋದು), ಒಬ್ಬಳಿಗೆ ಸ್ನಾಯು, ಒಬ್ಬನಿಗೆ ನರ, ಹೀಗೆ ಒಂದೊಂದು ಭಾಗ ಒಬ್ಬೊಬ್ರಿಗೇ ಕೊಟ್ಬಿಡ್ತಾರೆ, ಆ ಮಗು ಹೇಳ್ಲಿಲ್ಲ ಅಂದ್ರೆ ಆ ಭಾಗ ಗುಂಪಲ್ಲಿ ಯಾರಿಗೂ ಬರಲ್ಲ. ಅಮೆರಿಕದ ಆಸ್ಟಿನ್ನಲ್ಲಿ ಎಲಿಯಟ್ ಆರನ್ಸನ್ ಅನ್ನೋ ಮನಶ್ಶಾಸ್ತ್ರಜ್ಞರು 1971ರಲ್ಲಿ ಶುರು ಮಾಡಿದ್ದು ಇದು, ಅಲ್ಲಿ ಬಿಳಿ, ಕಪ್ಪು, ಮೆಕ್ಸಿಕನ್ ಮೂಲದ ಮಕ್ಕಳನ್ನ ಹೊಸದಾಗಿ ಒಂದೇ ಕ್ಲಾಸಲ್ಲಿ ಕೂರಿಸಿದಾಗ ಒಬ್ರನ್ನೊಬ್ರು ಸೇರಿಸ್ತಿರ್ಲಿಲ್ಲ, ಅದನ್ನ ಸರಿ ಮಾಡೋಕೆ. ನಮ್ಮ ಆ ಮೆತ್ತಗಿನ ಹುಡುಗಿ ಫ್ಲೋಯಮ್ ಬಗ್ಗೆ ಹೇಳ್ವಾಗ ಮೂರು ಜನ ಅವಳ ಮುಖನೇ ನೋಡ್ಕೊಂಡು ಬರ್ಕೋತಿದ್ರು, ಅವಳ ಧ್ವನಿ ಮೊದ್ಲು ನಡುಗ್ತಿತ್ತು, ಆಮೇಲೆ "ಅಲ್ಲ ಕಣೋ, ಅದು ನೀರಲ್ಲ, ಆಹಾರ" ಅಂತ ಒಬ್ಬನನ್ನ ತಿದ್ದಿದ್ಲು. ಇಂಥ ಕ್ಲಾಸು ಇನ್ನೂ ಜಾಸ್ತಿ ಆಗ್ಬೇಕು, ಬರೀ ಸೈನ್ಸಲ್ಲಿ ಆಗಾಗ ಮಾಡಿದ್ರೆ ಸಾಲಲ್ಲ.

ಚಟುವಟಿಕೆ ಅಂದ ತಕ್ಷಣ ಥರ್ಮೋಕೋಲ್ ಅನ್ಕೊಳ್ಳೋರು ನಮ್ಮೂರಲ್ಲಿ ಜಾಸ್ತಿ. ಸ್ಕೂಲಿಂದ ಪ್ರಾಜೆಕ್ಟ್ ಅಂತ ಹೇಳಿ ಕಳಿಸ್ತಾರೆ, ಸ್ಟೇಷನರಿ ಅಂಗಡೀಲಿ ರೆಡಿಮೇಡ್ ಜ್ವಾಲಾಮುಖಿ, ಸೌರವ್ಯೂಹ ಸಿಗುತ್ತೆ, ರಾತ್ರಿ ಅಪ್ಪ ಅಮ್ಮ ಕೂತು ಫೆವಿಕಾಲ್ ಹಚ್ತಾರೆ, ಮಗು ನಿದ್ದೆ ಮಾಡಿರುತ್ತೆ, ಬೆಳಿಗ್ಗೆ ಮಾರ್ಕ್ಸು. ಅದ್ರಲ್ಲಿ ಮಗು ತಲೆ ಒಂದಿಷ್ಟೂ ಓಡಿರಲ್ಲ. ಕೈ ಓಡಾಡಿದ್ರೆ ಸಾಲಲ್ಲ, ತಲೆ ಒಳಗೆ ಏನೋ ಒಂದು ತಿರುಗ್ಬೇಕು, ಬಾಯಿ ಮುಚ್ಕೊಂಡು ಕೂತು ಖಾಲಿ ಹಾಳೆ ತುಂಬಿಸೋ ಮಗು ಥರ್ಮೋಕೋಲ್ ಕತ್ತರಿಸೋ ಮಗುಗಿಂತ ಎಷ್ಟೋ ಪಾಲು ಜಾಸ್ತಿ ಕೆಲಸ ಮಾಡ್ತಿರುತ್ತೆ. ಈ ಟ್ಯೂಷನ್ನಲ್ಲಿ ಥರ್ಮೋಕೋಲ್ ಇಲ್ಲ, ದೇವರ ದಯೆ.

ಇಲ್ಲಿರೋ ಇನ್ನೊಂದು ತಪ್ಪು ಗೋಡೆ ಮೇಲಿನ ಪೋಸ್ಟರು. ಮೆಟ್ಟಿಲು ಹತ್ತಿದ ತಕ್ಷಣ ಕಾಣುತ್ತೆ, ಪಿರಮಿಡ್ ಚಿತ್ರ, ಓದಿದ್ರೆ 10 ಪರ್ಸೆಂಟ್ ನೆನಪು, ಕೇಳಿದ್ರೆ 20, ನೋಡಿದ್ರೆ 30, ಮಾಡಿದ್ರೆ 90 ಅಂತ. ಈ ಅಂಕಿಗಳಿಗೆ ಯಾವ ಸಂಶೋಧನೆಯ ಆಧಾರನೂ ಇಲ್ಲ. ಎಡ್ಗರ್ ಡೇಲ್ ಅನ್ನೋರು 1946ರಲ್ಲಿ ಅನುಭವದ ಶಂಕು ಅಂತ ಒಂದು ಚಿತ್ರ ಬರೆದಿದ್ರು, ಅದ್ರಲ್ಲಿ ಪರ್ಸೆಂಟೇಜೇ ಇರ್ಲಿಲ್ಲ, ಆಮೇಲೆ ಯಾರ್ಯಾರೋ ಸೇರಿಸಿದ್ದು. ಇಷ್ಟು ಒಳ್ಳೆ ಪಾಠ ಮಾಡೋರಿಗೆ ಸುಳ್ಳು ಅಂಕಿ ಬೇಕಾಗಿಲ್ಲ. ಸರ್‌ಗೆ ಹೇಳಿದೀನಿ, ತೆಗೀತೀನಿ ಅಂದಿದಾರೆ, ಇನ್ನೂ ಇದೆ.

ನಮ್ಮ ನಾದಿನಿ ಗುಬ್ಬಿ ತಾಲ್ಲೂಕಲ್ಲಿ ಸರ್ಕಾರಿ ಪ್ರೈಮರಿ ಸ್ಕೂಲ್ ಟೀಚರು. ಅವಳಿಗೆ ಇದೆಲ್ಲಾ ಹೇಳಿದ್ರೆ, "ಅತ್ತಿಗೆ, ನೀವು 1,800 ಕೊಟ್ಟು ಕೊಡಿಸ್ತಿರೋದನ್ನ ನಾವು ಒಂದು ಎರಡನೇ ಕ್ಲಾಸಿಗೆ ಯಾವತ್ತಿಂದಲೋ ಮಾಡ್ತಿದೀವಿ" ಅಂದ್ಲು. ಮಾತು ನಿಜ. ಅವಳು ಹೇಳಿದ್ದು ನಲಿಕಲಿ ಬಗ್ಗೆ, ಚಿಕ್ಕ ಮಕ್ಕಳು ಕಾರ್ಡ್ ಹಿಡ್ಕೊಂಡು ತಮ್ಮ ತಮ್ಮ ವೇಗದಲ್ಲಿ ಕಲಿಯೋ ಸರ್ಕಾರಿ ಶಾಲೆಗಳ ಪದ್ಧತಿ. ಅದು ಶುರುವಾಗಿದ್ದು 1995ರಲ್ಲಿ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ ತಾಲ್ಲೂಕಲ್ಲಿ, ಯುನಿಸೆಫ್ ನೆರವಿಂದ, ಆಂಧ್ರದ ಮದನಪಲ್ಲಿ ಹತ್ರ ಇರೋ ರಿಷಿ ವ್ಯಾಲಿ ಶಾಲೆಯೋರು ಹಳ್ಳಿ ಶಾಲೆಗಳಿಗೆ ಮಾಡಿದ್ದ ಕಾರ್ಡ್ ಪದ್ಧತಿ ನೋಡ್ಕೊಂಡು ಬಂದು ಇಲ್ಲಿನ ಮೇಷ್ಟ್ರುಗಳೇ ಕಟ್ಟಿದ್ದು, 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲಾ ಬಂತು. ಅವಳ ಕ್ಲಾಸಿಗೆ ಹೋದ್ರೆ ತಲೆ ಮೇಲೆ ಕಲಿಕಾ ಚಪ್ಪರ, ದಾರಕ್ಕೆ ಮಕ್ಕಳ ಚಿತ್ರ ನೇತು ಹಾಕಿರ್ತಾರೆ, ಗೋಡೆ ಮೇಲೆ ಕಲಿಕಾ ಏಣಿ, ಮಗು ತಾನೇ ಹೋಗಿ ತನ್ನ ಮೆಟ್ಟಿಲು ನೋಡ್ಕೊಂಡು ಕಾರ್ಡ್ ತಗೊಂಡು ತನ್ನ ಗುಂಪಲ್ಲಿ ಕೂತ್ಕೊಳ್ಳುತ್ತೆ, ಯಾರೂ ಇನ್ನೊಬ್ರಿಗೆ ಕಾಯ್ಬೇಕಿಲ್ಲ. ಅವಳ ಕಷ್ಟ ಏನಂದ್ರೆ ಕಾರ್ಡ್ ಹರಿದು ಹೋದ್ರೆ ಹೊಸದು ಬರೋದು ತಡ, ಒಬ್ಳೇ ಟೀಚರ್ ಇದ್ದು ದಾಖಲೆ ಕೆಲಸನೂ ತಲೆ ಮೇಲಿದ್ರೆ ಎಲ್ಲಾ ಗುಂಪಿಗೂ ಹೋಗಿ ಬರೋಕಾಗಲ್ಲ. ನಂಗೆ ಬೇಜಾರಾಗೋದು ಬೇರೆ ವಿಷಯಕ್ಕೆ, ಅಲ್ಲಿ ತಾನೇ ಏಣಿ ಹತ್ತಿ ಕಲಿತ ಮಗು ಮುಂದಿನ ಕ್ಲಾಸುಗಳಿಗೆ ಬಂದ ತಕ್ಷಣ ಕೈಕಟ್ಟಿ ಬಾಯ್ಮುಚ್ಚಿ ಕಾಪಿ ಮಾಡೋಕೆ ಕೂರುತ್ತಲ್ಲ, ಹೈಸ್ಕೂಲಿಗೆ ಬಂದ್ಮೇಲೆ ಕೇಳೋದು ಮರೆತೇ ಹೋಗಿರುತ್ತೆ.

ಮಾರ್ಕ್ಸ್ ಬಗ್ಗೆ ಎಲ್ರೂ ಕೇಳ್ತಾರೆ, ಹೇಳ್ತೀನಿ. ಸ್ಕೂಲಲ್ಲಿ ಶುರುವಿನ ಎಫ್ಎ ಟೆಸ್ಟಲ್ಲಿ (ಆಗಾಗ ಮಾಡೋ ಸಣ್ಣ ಪರೀಕ್ಷೆ) ಸೈನ್ಸ್ ಸ್ವಲ್ಪ ಇಳೀತು, ಎಸ್ಎ ಒಂದರಲ್ಲಿ (ಅರ್ಧವಾರ್ಷಿಕ ಪರೀಕ್ಷೆ) ಹಳೇ ಮಟ್ಟಕ್ಕೆ ಬಂತು, ಅದಾದ್ಮೇಲೆ ಮೇಲೆ ಹೋಗ್ತಾನೇ ಇದೆ. ಜಾಸ್ತಿ ವ್ಯತ್ಯಾಸ ಕಂಡಿದ್ದು ಅನ್ವಯ ಪ್ರಶ್ನೆಗಳಲ್ಲಿ, ಮೊದ್ಲು ಅದನ್ನ ಹಾಗೇ ಖಾಲಿ ಬಿಟ್ಟು ಬರ್ತಿದ್ಲು, ಈಗ ಏನಾದ್ರೂ ಯೋಚಿಸಿ ಬರೀತಾಳೆ. ಕಮ್ಮಿ ಆಗಿರೋದು ಬರವಣಿಗೆ ಸ್ಪೀಡು ಮತ್ತೆ ಉತ್ತರ ಜೋಡಿಸೋ ರೀತಿ. ಎಸ್ಸೆಸ್ಸೆಲ್ಸೀಲಿ ಮೂರು ಮಾರ್ಕಿಗೆ ಎಷ್ಟು ಪಾಯಿಂಟ್ ಬರೀಬೇಕು, ಚಿತ್ರಕ್ಕೆ ಭಾಗಗಳನ್ನ ಹೆಂಗೆ ಗುರುತಿಸ್ಬೇಕು ಅನ್ನೋದಕ್ಕೆ ಬೇರೆ ಅಭ್ಯಾಸ ಬೇಕು, ಇವ್ರು ಅದನ್ನ ಜನವರೀಲಿ ಮಾತ್ರ ಶುರು ಮಾಡ್ತಾರೆ. ಹತ್ತನೇ ಕ್ಲಾಸಿಗೆ ಅದು ತಡ ಆಯ್ತು, ವಾರಕ್ಕೊಂದು ದಿನ ಜೂನಿಂದಲೇ ಹಳೇ ಪ್ರಶ್ನೆಪತ್ರಿಕೆ ಬರೆಸ್ಬೇಕು ಅನ್ನೋದು ನನ್ನ ಬೇಡಿಕೆ. ತಿಳ್ಕೊಂಡಿದ್ದನ್ನ ಬರೆದು ತೋರಿಸೋಕೂ ಕಲೀಬೇಕಲ್ವಾ, ಇಲ್ದಿದ್ರೆ ಮಗೂಗೆ ಅನ್ಯಾಯ.

ಇನ್ನು ಸಣ್ಣಪುಟ್ಟದ್ದು. ಮಹಡಿ ಮೇಲೆ ಶೀಟ್ ಹಾಕಿರೋದ್ರಿಂದ ಮಾರ್ಚ್ ಏಪ್ರಿಲ್‌ನಲ್ಲಿ ಬಿಸಿಲ ಧಗೆ, ಎರಡೇ ಫ್ಯಾನು. ಕರೆಂಟ್ ಹೋದ್ರೆ ಯುಪಿಎಸ್ ಲೈಟಿಗೆ ಮಾತ್ರ. ಕ್ರಾಸ್ ಚಿಕ್ಕದು, ಕರ್ಕೊಂಡು ಹೋಗೋ ಟೈಮಲ್ಲಿ ಸ್ಕೂಟರ್ ನಿಲ್ಸೋಕೆ ಪರದಾಟ, ಮೇನ್ ರೋಡಲ್ಲೇ ನಿಲ್ಸಿ ನಡ್ಕೊಂಡು ಹೋಗಿ. ಟಾಯ್ಲೆಟ್ ಕ್ಲೀನಾಗಿದೆ, ಹೆಣ್ಮಕ್ಕಳ ಅಪ್ಪ ಅಮ್ಮಂದ್ರು ಕೇಳೋ ಮೊದಲನೇ ಪ್ರಶ್ನೆ ಅದೇ ಆದ್ದರಿಂದ ಬರೀತಿದೀನಿ. ಬ್ಯಾಚಿಗೆ 24 ಮಕ್ಕಳು ಅಂತ ಹೇಳಿ ಈಗ 30 ಹತ್ರ ಬಂದಿದಾರೆ, ಇದು ನನ್ನ ದೊಡ್ಡ ಆತಂಕ, ಆರು ಗುಂಪು ಇದ್ದಾಗ ಸರ್ ಪ್ರತಿ ಗುಂಪಿನ ಹತ್ರ ಕುಕ್ಕರುಗಾಲಲ್ಲಿ ಕೂತು ಮಕ್ಕಳ ಮಾತು ಕೇಳಿಸ್ಕೋತಿದ್ರು, ಈಗ ಎಂಟು ಗುಂಪು, ಎಲ್ಲಾ ಕಡೆ ಹೋಗೋಕೆ ಆಗ್ತಿಲ್ಲ, ಹಿಂದಿನ ಗುಂಪುಗಳು ಸಿನಿಮಾ ಮಾತಾಡ್ತಾ ಕೂರ್ತಾವೆ. ಕೇಳಿಸ್ಕೊಳ್ಳೋರು ಇಲ್ದೆ ಹೋದ್ರೆ ಈ ಪದ್ಧತಿ ನಿಲ್ಲಲ್ಲ ಸರ್, ಇದನ್ನ ಓದ್ತಿದ್ರೆ ದಯವಿಟ್ಟು ಇನ್ನೊಂದು ಬ್ಯಾಚ್ ಮಾಡಿ, ಫೀಸ್ ಇನ್ನೂರು ಜಾಸ್ತಿ ಆದ್ರೂ ನಾವು ಕೊಡ್ತೀವಿ.

ಯಾರಿಗೆ ಆಗಲ್ಲ ಅಂದ್ರೆ, ಪರೀಕ್ಷೆಗೆ ಎರಡು ತಿಂಗಳು ಇದ್ದಾಗ ಸೇರಿಸಿ ಮ್ಯಾಜಿಕ್ ಆಗ್ಲಿ ಅನ್ನೋರಿಗೆ. ಅಷ್ಟರಲ್ಲಿ ಮಗು ಕಾರ್ಡ್ ಎತ್ತೋಕೆ ಧೈರ್ಯ ಮಾಡೋ ಹೊತ್ತಿಗೇ ಪರೀಕ್ಷೆ ಬಂದಿರುತ್ತೆ. ಎಂಟನೇ ಕ್ಲಾಸಿಗೇ ಸೇರಿಸಿದ್ರೆ ಒಳ್ಳೇದು, ಒಂಬತ್ತಕ್ಕೂ ಪರವಾಗಿಲ್ಲ. ಸೀಟು ಮೇ ತಿಂಗಳಲ್ಲೇ ತುಂಬಿ ಹೋಗುತ್ತೆ, ಹೋಗಿ ಕೇಳೋದಾದ್ರೆ ಶನಿವಾರ ಸಂಜೆ ಮಗೂನೂ ಕರ್ಕೊಂಡು ಹೋಗಿ, ಹಿಂದೆ ಕೂತು ಒಂದು ಕ್ಲಾಸು ಪೂರ್ತಿ ನೋಡಿ, ಆಮೇಲೆ ಫೀಸ್ ಕಟ್ಟಿ. ನನ್ನ ಕಡೆಯಿಂದ 5ಕ್ಕೆ 4 ಸ್ಟಾರ್, ಬ್ಯಾಚ್ ಚಿಕ್ಕದು ಮಾಡಿ ಹತ್ತನೇ ಕ್ಲಾಸಿಗೆ ಬರವಣಿಗೆ ಅಭ್ಯಾಸ ಬೇಗ ಶುರು ಮಾಡಿದ ದಿನ ಬಂದು ಐದು ಮಾಡ್ತೀನಿ.